ತಲೆಯ ಹಿಂದಿನ ಬೆಳಕು

ನಾನು ಮಗಳ ಚಿತ್ರ ಬರೆದದ್ದರಿಂದಲೇ ಇಷ್ಟೆಲ್ಲ ಆಯಿತು ಎಂದು ನಮ್ಮೂರು ಕೋಡಿಯಲ್ಲಿ ಇವತ್ತಿಗೂ ಹೇಳುವವರಿದ್ದಾರೆ. ಎದುರಿಗೆ ಹೇಳುವುದಿಲ್ಲ, ನಾನು ಬೆನ್ನು ತಿರುಗಿಸಿದ ಮೇಲೆ ಹೇಳುತ್ತಾರೆ. ಎದುರಿಗೆ ಹೇಳಿದರೆ ಏನಾಗುತ್ತದೆ ಎಂದು ಅವರಿಗೂ ಗೊತ್ತು, ನನಗೂ ಗೊತ್ತು. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಅದನ್ನು ಮುಚ್ಚಿಟ್ಟುಕೊಳ್ಳುವ ಅಭ್ಯಾಸ ನನಗಿಲ್ಲ. ಚಿತ್ರ ಯಾರಿಗೂ ಹೊಡೆಯುವುದಿಲ್ಲ ಮಾರಾಯರೆ. ಹೊಡೆಯುವುದು ಮನುಷ್ಯರು, ಕೇಳಬೇಕಾದ ಒಂದೇ ಒಂದು ಮಾತನ್ನು ಕೇಳದೆ. ಆ ಬೇಸಿಗೆಯಲ್ಲಿ ನನ್ನ ತಮ್ಮನ ಎಡಗಣ್ಣು ಉಳಿಯುತ್ತದೋ ಹೋಗುತ್ತದೋ ಎಂದು ಎರಡು ಮನೆಯವರು ಕಾದು ಕೂತಿದ್ದೆವು. ಅದನ್ನು ನಡೆದ ಹಾಗೆಯೇ ಬರೆದಿಡುತ್ತೇನೆ. ಓದಿದ ಮೇಲೆ ಯಾರು ಯಾರನ್ನು ಬೇಕಾದರೂ ಬೈಯಲಿ.

ಹೊಟ್ಟೆಪಾಡಿಗೆ ನಾನು ಮಾಡುವುದು ಫ್ಲೆಕ್ಸ್ ಡಿಸೈನು. ಕುಂದಾಪುರದ ಪ್ರಿಂಟಿಂಗ್ ಅಂಗಡಿಯೊಂದರಲ್ಲಿ ಕಂಪ್ಯೂಟರಿನ ಮುಂದೆ ಕೂರುತ್ತೇನೆ. ಬೈಂದೂರಿನಿಂದ ಬ್ರಹ್ಮಾವರದ ತನಕ ಹೈವೇ ಬದಿಯಲ್ಲಿ ನೀವು ಕಾಣುವ ಮುಖಗಳಲ್ಲಿ ಎಷ್ಟನ್ನು ನಾನು ಬೆಳ್ಳಗೆ ಮಾಡಿದ್ದೇನೋ ದೇವರಿಗೇ ಗೊತ್ತು. ಕೋಟದ ಕಬಡ್ಡಿ ಪಂದ್ಯ, ಸಾಲಿಗ್ರಾಮದ ಬಯಲಾಟ, ಗೃಹಪ್ರವೇಶ, ಹುಟ್ಟುಹಬ್ಬ, ಗೆದ್ದವರಿಗೆ ಅಭಿನಂದನೆ, ಸತ್ತವರಿಗೆ ಶ್ರದ್ಧಾಂಜಲಿ. ಬೇರೆಲ್ಲದಕ್ಕೂ ಗಿರಾಕಿ ಅದು ಬದಲಿಸಿ, ಇದು ದಪ್ಪ ಮಾಡಿ ಎಂದು ತಲೆ ತಿನ್ನುತ್ತಾನೆ. ಶ್ರದ್ಧಾಂಜಲಿಗೆ ಬಂದವನು ಅವಸರ ಮಾತ್ರ ಮಾಡುತ್ತಾನೆ. ಹಾಗಾಗಿ ಅದಕ್ಕೊಂದು ಸಿದ್ಧ ಮಾದರಿ ಇಟ್ಟುಕೊಂಡಿದ್ದೇನೆ. ಕೆಳಗೆ ನೀರು, ಮೇಲೆ ಮೋಡ, ನಡುವೆ ಮುಖ, ತಲೆಯ ಹಿಂದೆ ದುಂಡಗೆ ಹಳದಿ ಬೆಳಕು. ಮುಖ ಬದಲಾಯಿಸಿ ಹೆಸರು ಹಾಕಿದರೆ ಮುಗಿಯಿತು.

ವರ್ಷಗಟ್ಟಲೆ ಇದನ್ನೇ ಕಂಡು ಕಂಡು ನಮ್ಮ ಕಡೆಯ ಜನರಿಗೆ ಆ ಬೆಳಕಿಗೆ ಒಂದೇ ಅರ್ಥ. ಅಕ್ಷರ ಬಾರದ ಮುದುಕಿ ಕೂಡ ಬಸ್ಸಿನ ಕಿಟಕಿಯಿಂದ ಅದನ್ನು ಕಂಡರೆ ಸಾಕು, “ಅಯ್ಯೋ, ಇವ್ರ್ ಯಾವಾಗ ಹೋದ್ದ್?” ಎಂದು ಪಕ್ಕದವಳನ್ನು ಕೇಳುತ್ತಾಳೆ. ಹೆಸರು ಓದುವ ಗೋಜಿಗೆ ಯಾರೂ ಹೋಗುವುದಿಲ್ಲ. ಈ ಪಾಠವನ್ನು ಇಡೀ ತಾಲೂಕಿಗೆ ಕಲಿಸಿದವರಲ್ಲಿ ನಾನೂ ಒಬ್ಬ. ಆದರೆ ಕಲಿಸಿದವನಿಗೇ ಅದು ನೆನಪಿರಬೇಕೆಂದು ಯಾವ ಕಾನೂನೂ ಇಲ್ಲ.

ನನಗೆ ಒಬ್ಬಳೇ ಮಗಳು. ಆಗ ಎರಡನೇ ಕ್ಲಾಸು ಮುಗಿಸಿದ್ದಳು. ಅವಳಿಗೆ ನೀರೆಂದರೆ ಹುಚ್ಚು, ಅದನ್ನು ಹಿಡಿಸಿದವನು ನನ್ನ ತಮ್ಮ. ಅವನಿಗೆ ಮದುವೆಯಾಗಿರಲಿಲ್ಲ, ನಮ್ಮ ಮನೆಯಲ್ಲೇ ಇದ್ದ. ಗಂಗೊಳ್ಳಿ ಬಂದರಿನಿಂದ ಮೀನು ತುಂಬಿಕೊಂಡು ಘಟ್ಟದ ಮೇಲೆ ದೊಡ್ಡ ಗಾಡಿ ಓಡಿಸುವುದು ಅವನ ಕೆಲಸ. ರಜೆ ಸಿಕ್ಕಿದ ಬೆಳಿಗ್ಗೆ ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಕೋಡಿಯ ಕಡಲಿಗೆ ಹೋಗುತ್ತಿದ್ದ. ಮೊದಲು ಮೊಣಕಾಲಿನವರೆಗಿನ ನೀರು, ಆಮೇಲೆ ಸೊಂಟದವರೆಗೆ, ಆಮೇಲೆ ಕೈ ಬಿಟ್ಟು. ನಾನು ದಡದಲ್ಲಿ ನಿಂತು ಬೈಯುತ್ತಿದ್ದೆ, ಒಳಗೊಳಗೆ ಹೆಮ್ಮೆಪಡುತ್ತಿದ್ದೆ.

ಇದು ಸುತಾರಾಂ ಒಪ್ಪಿಗೆಯಾಗದೆ ಇದ್ದದ್ದು ನನ್ನ ಹೆಂಡತಿಯ ಇಬ್ಬರು ಅಣ್ಣಂದಿರಿಗೆ. ಅವರು ಹೊಳೆಯ ಆಚೆ ದಡದ ಗಂಗೊಳ್ಳಿಯವರು, ಸ್ವಂತ ಬೋಟಿನಲ್ಲಿ ಮೀನು ಹಿಡಿಯುವವರು. ಹೊಳೆ ಕಡಲಿಗೆ ಸೇರುವ ಅಳಿವೆಯಲ್ಲಿ ದೋಣಿ ಮಗುಚಿ ಅವರ ಅಪ್ಪ ಹೋಗಿದ್ದರು. ಹೆಣವನ್ನು ಕೋಡಿಯ ಮರಳಿನ ಮೇಲೆ ಕಂಡವರು ಈ ಅಣ್ಣ ತಮ್ಮಂದಿರೇ, ಆಗ ಅವರಿಗೆ ಮೀಸೆ ಕೂಡ ಬಂದಿರಲಿಲ್ಲ. ಅಲ್ಲಿಂದ ತಂಗಿಯನ್ನು ಸಾಕಿ, ಓದಿಸಿ, ಮದುವೆ ಮಾಡಿ ಕೊಟ್ಟವರು. ನನ್ನ ಮಗಳೆಂದರೆ ಅವರಿಗೆ ಜೀವ. ಕಡಲಿನಲ್ಲೇ ದುಡಿಯುವ ಅವರಿಬ್ಬರಿಗೂ ಈಜಲು ಬರುತ್ತಿರಲಿಲ್ಲ. ನಮ್ಮಲ್ಲಿ ಅದೇನೂ ಆಶ್ಚರ್ಯದ ವಿಷಯವಲ್ಲ.

ಒಂದು ದಿನ ಊಟಕ್ಕೆ ಕೂತಾಗ ಕಿರಿಯ ಭಾವ ನನ್ನ ತಮ್ಮನನ್ನು ತರಾಟೆಗೆ ತೆಗೆದುಕೊಂಡ. “ಹೆಣ್ಣ್ ಮಕ್ಳಿಗೆ ಈಜು ಎಂತಕೆ? ಅದಕ್ಕೆ ಏನಾರು ಆಯ್ತಂದ್ರೆ ನಿನ್ನ ಕೊಂದ್ ಹಾಕ್ತೆ ಕಾಣ್.”

ತಮ್ಮ ನಗುತ್ತಲೇ ಮೀನಿನ ಮುಳ್ಳು ಬಿಡಿಸುತ್ತಿದ್ದ. “ನಾನ್ ನೀರೊಳ್ಗೇ ಇಪ್ಪುದಲ್ದಾ? ನನ್ನ ಕೊಲ್ಲುಕ್ ನಿಂಗೆ ಮೊದ್ಲ್ ಈಜುಕ್ ಬರ್ಕ್.”

ಎಲ್ಲರೂ ನಕ್ಕೆವು. ಭಾವ ಮಾತ್ರ ನಗಲಿಲ್ಲ. ತಮ್ಮನಿಗೆ ಎಲ್ಲದಕ್ಕೂ ಹಲ್ಲು ಬಿಡುವ ಚಾಳಿ, ಬೈದರೂ ನಗು, ಬಿದ್ದರೂ ನಗು.

ಏಪ್ರಿಲ್ ರಜೆಯಲ್ಲಿ ಅವನು ಮೊಬೈಲಿನಲ್ಲಿ ಒಂದು ಫೋಟೋ ತೆಗೆದು ತಂದ. ಮಗಳು ನೀರಿನಿಂದ ಮೇಲೆದ್ದ ಕ್ಷಣ. ಮುಖ ಆಕಾಶಕ್ಕೆ, ಉಪ್ಪು ನೀರು ಹೋಗದ ಹಾಗೆ ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿದ್ದಾಳೆ, ಕೂದಲಿನಿಂದ ನೀರು ಇಳಿಯುತ್ತಿದೆ. ಅದನ್ನು ಕಂಡದ್ದೇ ನನ್ನ ಕೈ ತುರಿಸತೊಡಗಿತು. ಗಿರಾಕಿಗಾಗಿ ಅಲ್ಲದೆ ನನಗಾಗಿ ಏನನ್ನಾದರೂ ಬರೆದು ಎಷ್ಟು ಕಾಲವಾಗಿತ್ತು! ಟ್ಯಾಬ್ ತೆಗೆದು, ಅದರ ಪೆನ್ನು ಹಿಡಿದು ಕೂತೇಬಿಟ್ಟೆ. ಮಗಳನ್ನು ಕಡಲಿನ ರಾಣಿ ಮಾಡುತ್ತೇನೆ ಎಂದೆ. ಅವಳು ಹೆಗಲಿಗೆ ಗಲ್ಲ ಊರಿಕೊಂಡು ಹುಕುಂ ಮಾಡಲು ಶುರು ಮಾಡಿದಳು.

“ಅಪ್ಪಯ್ಯ, ನಂಗೆ ಮೀನಿನ ಬಾಲ ಬ್ಯಾಡ. ನಾನ್ ಕಾಲಂಗೆ ಈಜುದ್.”

“ಆಯ್ತ್, ಕಾಲೇ ಬರಿತೆ.”

“ತೊರ್ಕೆ ಮೀನಿನ ಮೇಲೆ ಕೂಕಂಡ್ ಯುದ್ಧಕ್ಕೆ ಹೋಪುದ್. ಕೈಯಂಗೆ ಕತ್ತಿ ಬೇಕ್. ಕತ್ತಿಗೆ ರಕ್ತ ಬೇಕ್.”

“ಯಾರ ರಕ್ತ?”

“ಯಾರದ್ದಾರೂ ಅಡ್ಡಿಲ್ಲ.”

ಆ ಭಾನುವಾರದ ಬೆಳಿಗ್ಗೆಯ ಹೊತ್ತಿಗೆ ಮುಖ ಮುಗಿದಿತ್ತು. ನನ್ನ ಬಾಯಲ್ಲೇ ಹೇಳಬಾರದು, ಆದರೂ ಹೇಳುತ್ತೇನೆ, ಚೆಂದ ಬಂದಿತ್ತು. ಕಣ್ಣ ರೆಪ್ಪೆಯ ತುದಿಯಲ್ಲಿ ನಿಂತ ಹನಿಯನ್ನು ಎಷ್ಟು ಸಲ ಅಳಿಸಿ ಬರೆದೆನೋ. ತಲೆಗೆ ಹವಳದ ಕಿರೀಟ ಇಟ್ಟೆ. ಸುತ್ತ ನೀರು, ಹಿಂದೆ ಮೋಡ. ಕಿರೀಟ ಎದ್ದು ಕಾಣಲಿ ಎಂದು ತಲೆಯ ಹಿಂದೆ ಸೂರ್ಯನ ಬೆಳಕು ಹಾಕಿದೆ. ಕೈ ತಾನಾಗಿಯೇ ಹಾಕಿತು. ಚಾಪೆಯಂಥ ಅಗಲದ ಆ ತೊರ್ಕೆ ಮೀನು ಇನ್ನೂ ಗೀಟಿನಲ್ಲೇ ಇತ್ತು, ಅದನ್ನು ಸದ್ಯಕ್ಕೆ ಕಾಣದ ಹಾಗೆ ಮಾಡಿಟ್ಟೆ. ಕತ್ತಿ ಬರೆದಿರಲಿಲ್ಲ. ಮಗಳು ಕೇಳಿದ್ದಕ್ಕೆ, ಚಿಕ್ಕಪ್ಪನ ಜೊತೆ ಕಡಲಿಗೆ ಹೋಗಿ ಬಾ, ಬರುವಷ್ಟರಲ್ಲಿ ಕತ್ತಿ ಆಗಿರುತ್ತದೆ ಎಂದೆ. ಅವರಿಬ್ಬರೂ ಹೋದರು.

ಮುಗಿಯದ ಚಿತ್ರವನ್ನು ಯಾರಿಗೂ ತೋರಿಸಬಾರದು ಎನ್ನುವುದು ಗೊತ್ತಿದ್ದೂ ತಡೆಯಲಾಗಲಿಲ್ಲ. ವಾಟ್ಸಾಪಿನಲ್ಲಿ ನಮ್ಮೆಲ್ಲ ನೆಂಟರ ಗುಂಪಿಗೆ ಅದನ್ನು ಹಾಕಿದೆ. ಒಂದಕ್ಷರ ಬರೆಯಲಿಲ್ಲ. ಚಿತ್ರ ತಾನೇ ಮಾತಾಡಲಿ ಎಂಬ ಕಲಾವಿದನ ಕೊಬ್ಬು. ಫೋನನ್ನು ಚಾರ್ಜಿಗೆ ಹಾಕಿ ಸ್ನಾನಕ್ಕೆ ಹೋದೆ.

ಆಮೇಲೆ ಏನೇನಾಯಿತು ಎಂಬುದನ್ನು ನಾನು ಫೋನಿನಲ್ಲಿ ಓದಿ, ಅವರಿವರನ್ನು ಕೇಳಿ ತಿಳಿದುಕೊಂಡದ್ದು. ಮೊದಲು ಮುಂಬೈಯಲ್ಲಿರುವ ನೆಂಟರೊಬ್ಬರು “ಓಂ ಶಾಂತಿ” ಎಂದು ಹಾಕಿದರು. ಅದರ ಕೆಳಗೆ ಸಾಲಾಗಿ ಕೈಮುಗಿದ ಚಿಹ್ನೆಗಳು. ಏನಾಯಿತು ಎಂದು ಒಬ್ಬನಾದರೂ ಕೇಳಬೇಡವೇ? ಕೇಳಲಿಲ್ಲ. ನಮ್ಮಲ್ಲಿ ಸಾವಿನ ಸುದ್ದಿಗೆ ಮೊದಲು ಕೈಮುಗಿಯುವುದು, ವಿಚಾರ ಆಮೇಲೆ. ನನ್ನ ಹೆಂಡತಿ ಅವತ್ತು ಬೈಂದೂರಿನಲ್ಲಿ, ನೆಂಟರ ಮನೆಯ ನಿಶ್ಚಿತಾರ್ಥದಲ್ಲಿದ್ದಳು. ಅಲ್ಲಿ ಯಾರೋ ಫೋನು ನೋಡಿ ಬೊಬ್ಬೆ ಹೊಡೆದರು, ಇನ್ಯಾರೋ ಅವಳ ಮುಖಕ್ಕೆ ಅದನ್ನು ಹಿಡಿದರು. ನನಗೆ ಫೋನು ಮಾಡಿದಳಂತೆ, ಎತ್ತುವವರಿಲ್ಲ. ತಮ್ಮನಿಗೆ ಮಾಡಿದಳು, ಅವನ ಫೋನು ಮರಳಿನ ಮೇಲೆ ಅಂಗಿಯೊಳಗೆ ಸುತ್ತಿಕೊಂಡಿತ್ತು. ಕೊನೆಗೆ ಹಿರಿಯ ಅಣ್ಣನಿಗೆ ಮಾಡಿದಳು. ಮಾತಾಡಲು ಅವಳ ಕೈಯಲ್ಲಿ ಆಗಲಿಲ್ಲ, ಕಿರುಚಿದಳು. ಬಂದರಿನಲ್ಲಿ ಬಲೆ ಸರಿಮಾಡುತ್ತಿದ್ದವನು ಫೋನಿನಲ್ಲಿ ಕೇಳಿದ್ದು ಅದೊಂದೇ, ತಂಗಿಯ ಕಿರುಚಾಟ. ಗುಂಪು ತೆರೆದರೆ ನೀರಿನ ನಡುವೆ ಕಣ್ಣು ಮುಚ್ಚಿದ ಮಗುವಿನ ಮುಖ, ಅದರ ಕೆಳಗೆ ಓಂ ಶಾಂತಿ.

ಗಂಗೊಳ್ಳಿಯಿಂದ ನಮ್ಮಲ್ಲಿಗೆ ರಸ್ತೆಯಲ್ಲಿ ಬರಬೇಕೆಂದರೆ ಸುತ್ತಿ ಬಳಸಿ ತುಂಬ ಹೊತ್ತು ಬೇಕು. ಅಷ್ಟು ಹೊತ್ತಿನಲ್ಲಿ ಯಾರಾದರೂ ಯಾರಿಗಾದರೂ ಫೋನು ಮಾಡಿ ಸತ್ಯ ಗೊತ್ತಾಗುತ್ತಿತ್ತು. ಆದರೆ ದೋಣಿಯಲ್ಲಿ ಹೊಳೆಬಾಯಿ ದಾಟಿದರೆ ಎದುರಿಗೇ ಕೋಡಿ. ಭಾವಂದಿರಿಬ್ಬರೂ ದೋಣಿ ಹತ್ತಿದರು, ಮಿಷನ್ನಿನ ಕಿವಿ ಹಿಂಡಿದರು. ಸೀದಾ ನನ್ನ ತಮ್ಮ ಕೂತಿದ್ದ ಜಾಗಕ್ಕೇ ಬಂದು ಇಳಿದರು.

ತಮ್ಮ ಒಬ್ಬನೇ ಕೂತಿದ್ದ, ಮೈಯೆಲ್ಲ ಒದ್ದೆ. ಪಕ್ಕದಲ್ಲಿ ಮಗಳ ಚಪ್ಪಲಿ. ದಡಕ್ಕೆ ಎಳೆದಿಟ್ಟ ದೋಣಿಗಳ ಹಿಂದೆ ಅವಳು ಬಟ್ಟೆ ಬದಲಾಯಿಸುತ್ತಿದ್ದಳು. ಭಾವಂದಿರಿಗೆ ಕಂಡದ್ದು ಚಪ್ಪಲಿ ಮಾತ್ರ.

ತಮ್ಮ ಅವರನ್ನು ಕಂಡು ನಕ್ಕ. ಅದು ಅವನ ಚಾಳಿ ಎಂದು ಆಗಲೇ ಹೇಳಿದೆನಲ್ಲ. “ಎಂತ ಮಾರ್ರೆ, ಬಲೆ ಬಿಟ್ಟ್ ಈಚಿಗೆ ಬಂದ್ರ್ಯಾ?” ಎಂದು ಹಲ್ಲು ಬಿಟ್ಟ.

“ನಮ್ಮ ಹೆಣ್ಣನ್ನ ಕೊಂದ್ಯಲಾ!” ಎಂದ ಹಿರಿಯ ಭಾವ, ಮುಷ್ಟಿಯಿಂದ ಬಾಯಿಗೆ ಗುದ್ದಿದ. ಆ ನಗು ರಕ್ತದ ಜೊತೆ ಮರಳಿಗೆ ಬಿತ್ತು. ತಮ್ಮನಿಗೆ ಇದು ತಮಾಷೆಯಲ್ಲ ಎಂದು ಹೊಳೆಯುವ ಮೊದಲೇ ಕಿರಿಯವನು ದೋಣಿಯಿಂದ ಹುಟ್ಟು ತೆಗೆದುಕೊಂಡು ಹಾರಿದ. ನೀರನ್ನು ತಳ್ಳಿ ತಳ್ಳಿ ಗಟ್ಟಿಯಾದ ಮರ ಅದು. ಮೊದಲ ಪೆಟ್ಟು ಹೆಗಲಿಗೆ. ತಮ್ಮ ಕೈ ಅಡ್ಡ ಹಿಡಿದ, ಎರಡನೆಯದು ಕೈಗೆ. ಕೈ ಕೆಳಗೆ ಬಿದ್ದ ಮೇಲಿನದು ಮುಖಕ್ಕೆ. ಅವನು ಮಂಡಿಯೂರಿದ ಮೇಲೂ ಇಬ್ಬರೂ ಒದೆಯುತ್ತಿದ್ದರು. ಒದೆಯುತ್ತ ಅಳುತ್ತಿದ್ದರಂತೆ, ಅಳುತ್ತ ಸತ್ತುಹೋದ ಅಪ್ಪನ ಹೆಸರು ಹಿಡಿದು ಕೂಗುತ್ತಿದ್ದರಂತೆ. ಬಿಡಿಸಲು ಹೋದವನೊಬ್ಬನ ಎದೆಗೂ ಹುಟ್ಟಿನ ಪೆಟ್ಟು ಬಿತ್ತು. ಮತ್ತೆ ಯಾರೂ ಹತ್ತಿರ ಸುಳಿಯಲಿಲ್ಲ.

ನನ್ನ ಮಗಳು ದೋಣಿಯ ಹಿಂದಿನಿಂದ ಬಂದು ಇದನ್ನು ಕಂಡಳು. “ಮಾವಾ” ಎಂದು ಕೂಗಿದಳು. ಕೇಳಲಿಲ್ಲ. ಓಡಿಬಂದು ಕಿರಿಯ ಮಾವನ ಮೀನಖಂಡಕ್ಕೆ ಹಲ್ಲು ಊರಿದಳು. ಅವನು ಯಾರು ಏನು ಎಂದು ನೋಡದೆ ಕಾಲು ಝಾಡಿಸಿ ಒದ್ದ. ಅವಳು ದೋಣಿಯ ಅಂಚಿಗೆ ಹೋಗಿ ಬಿದ್ದಳು, ತುಟಿ ಒಡೆಯಿತು. ಆ ಅಳುವಿಗೆ ಅವನು ತಿರುಗಿದ.

ಪಕ್ಕದ ಮನೆಯ ಹೆಂಗಸು “ಹ್ವಾಯ್, ಬನಿ ಬೇಗ, ನಿಮ್ಮ ತಮ್ಮನ್ನ ಕೊಲ್ತಿದ್ರ್!” ಎಂದು ಕೂಗಿದ್ದು ಕೇಳಿ ನಾನು ಟವೆಲ್ಲಿನಲ್ಲೇ ಓಡಿ ಹೋದೆ, ಇಲ್ಲಿಂದ ಮುಂದಿನದು ನಾನೇ ಕಣ್ಣಾರೆ ಕಂಡದ್ದು. ಹಿರಿಯ ಭಾವ ನನ್ನ ಮಗಳ ಎರಡು ಭುಜ ಹಿಡಿದು ಕುಲುಕುತ್ತಿದ್ದ. “ಇದ್ಯಾ? ಇದ್ಯಾ ನೀನ್?” ಎನ್ನುತ್ತಿದ್ದ. ಅವನ ಕೈಯ ರಕ್ತ ಅವಳ ಅಂಗಿಗೆ ಮೆತ್ತಿತ್ತು. ಅವಳು ಎರಡೂ ಕೈಯಿಂದ ಅವನ ಮುಖಕ್ಕೆ ಬಾರಿಸುತ್ತಿದ್ದಳು, ಅವನು ಬಾರಿಸಿಕೊಳ್ಳುತ್ತಿದ್ದ. ಕಿರಿಯವನು ಹುಟ್ಟಿಗೆ ಒರಗಿಕೊಂಡು ವಾಂತಿ ಮಾಡುತ್ತಿದ್ದ. ನನ್ನ ತಮ್ಮ ಮರಳಿನ ಮೇಲೆ ಮೊಣಕಾಲೂರಿ, ಎಡಗಣ್ಣಿನ ಮೇಲೆ ಕೈ ಒತ್ತಿಕೊಂಡಿದ್ದ. ಬೆರಳ ಸಂದಿಯಿಂದ ಬರುತ್ತಿದ್ದದ್ದು ರಕ್ತ ಮಾತ್ರ ಅಲ್ಲ, ನೀರಿನಂಥದ್ದೂ ಬರುತ್ತಿತ್ತು.

“ಹೆಣ್ಣನ್ನ ಆಚಿಗೆ ಕರ್ಕಂಡ್ ಹೋಗ್ ಅಣ್ಣ,” ಎಂದ. “ಇದೆಲ್ಲ ಕಾಂಬುದ್ ಬ್ಯಾಡ ಅದು.”

ಹೊಡೆದವರೇ ಅವನನ್ನು ಎತ್ತಿಕೊಂಡು ರಿಕ್ಷಾಕ್ಕೆ ಓಡಿದರು. ಆಸ್ಪತ್ರೆಯ ತನಕ ಹಿರಿಯ ಭಾವ ಅವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದ. ನನಗೆ ಅದು ಇನ್ನೂ ಹೇಸಿಗೆ ಅನಿಸಿತು. ಹೊಡೆದ ಕೈಯಲ್ಲೇ ನೇವರಿಸುವುದು ಯಾವ ಪ್ರೀತಿ? ನನ್ನ ಪಾಲಿಗೆ ಆ ಪ್ರೀತಿಗೆ ಅವತ್ತೇ ಬೆಂಕಿ ಬಿದ್ದಿತ್ತು.

ಡಾಕ್ಟರು ಹೊಲಿಗೆ ಹಾಕಿದರು, ಆಪರೇಷನ್ ಮಾಡಿದರು. ಕಣ್ಣಿನ ಗುಡ್ಡೆ ಉಳಿಸಿದ್ದೇವೆ, ದೃಷ್ಟಿಯ ಮಾತು ಈಗಲೇ ಹೇಳಲಾಗದು, ಒಳಗಿನ ರಕ್ತ ಇಳಿದ ಮೇಲೆ ಗೊತ್ತಾಗಬೇಕು ಎಂದರು. ಪೊಲೀಸರು ಬಂದು ಕೇಳಿದಾಗ ನನ್ನ ತಮ್ಮ ಊದಿದ ಬಾಯಲ್ಲಿ ಹೇಳಿದ್ದು ಏನು ಗೊತ್ತೇ? “ದೋಣಿ ಹತ್ತುವಾಗ ಜಾರಿ ಬಿದ್ದೆ.” ನನಗೆ ನೆತ್ತಿಗೇರಿತು. ಸುಳ್ಳು ಎಂದು ಆಸ್ಪತ್ರೆ ಹಾರಿಹೋಗುವ ಹಾಗೆ ಕೂಗಾಡಿದೆ. ತಮ್ಮ ಇರುವ ಒಂದು ಕಣ್ಣಿನಿಂದ ನನ್ನನ್ನು ನೋಡಿ, ಅತ್ತಿಗೆ ಹೊರಗೆ ಕೂತಿದ್ದಾಳೆ, ಮೆಲ್ಲಗೆ ಮಾತಾಡು ಎಂದ. ಪೊಲೀಸರು ಅವನ ಮಾತನ್ನೇ ಬರೆದುಕೊಂಡು ಹೋದರು.

ನಾನು ಬಿಡುವವನಲ್ಲ. ಗಂಗೊಳ್ಳಿ ಬಂದರಿಗೆ ಹೋಗಿ, ಐಸು ತುಂಬುವ ಜನರ ನಡುವೆ ಕಿರಿಯ ಭಾವನ ಕಾಲರು ಹಿಡಿದೆ. ಕೆನ್ನೆಗೆ ಬಾರಿಸಿದೆ. ಅವನು ಕೈ ಎತ್ತಲಿಲ್ಲ. ಇನ್ನೊಂದು ಕೊಟ್ಟೆ. “ಹೊಡಿ ಭಾವ,” ಎಂದ. ಮೂಗಿನಿಂದ ರಕ್ತ ಬರುವ ತನಕ ಹೊಡೆದೆ. ಸಮಾಧಾನವಾಗುತ್ತದೆ ಅಂದುಕೊಂಡಿದ್ದೆ, ಸುಡುಗಾಡು ಸಮಾಧಾನ. ಕಂಬಕ್ಕೆ ಹೊಡೆದ ಹಾಗಿತ್ತು, ನನ್ನ ಕೈಯೇ ಊದಿತು. ಸುತ್ತ ನಿಂತವರೆಲ್ಲ ಅವನ ಕಡೆಯವರೇ, ಆದರೂ ಒಬ್ಬರೂ ನನ್ನನ್ನು ತಡೆಯಲಿಲ್ಲ. ಅದೂ ನನಗೆ ಸಿಟ್ಟು ತರಿಸಿತು.

ಮನೆಯಲ್ಲಿ ಹೆಂಡತಿಯ ಜೊತೆ ಮಾತು ಬೆಳೆಯಿತು. “ಅಪ್ಪ ಇಲ್ಲದ ನನ್ನ ಸಾಕಿದ್ದ್ ಅವ್ರ್,” ಎಂದಳು. “ಅವ್ರನ್ನ ಜೈಲಿಗೆ ಹಾಕಿದ್ರೆ ನಾನ್ ಹ್ಯಾಂಗ್ ಮುಖ ತೋರ್ಸುದ್?”

“ನನ್ನ ತಮ್ಮ ಹ್ಯಾಂಗ್ ಗಾಡಿ ಓಡ್ಸುದ್?” ಎಂದೆ. ಒಂದು ಕಣ್ಣಿನವನ ಕೈಗೆ ಘಟ್ಟದ ರಸ್ತೆಯಲ್ಲಿ ದೊಡ್ಡ ಗಾಡಿ ಕೊಡುವ ಧೈರ್ಯ ಯಾರಿಗಿದೆ? ಅವನಿಗೆ ಬೇರೆ ಕೆಲಸ ಬರುವುದಿಲ್ಲ, ಬೇರೆ ಕೆಲಸ ಬೇಕಾಗಿಯೂ ಇಲ್ಲ. ಅವಳು ಅತ್ತಳು. ನಾನು ಗೋಡೆಗೆ ತಟ್ಟೆ ಎಸೆದೆ. ಕೊನೆಗೆ ಎಲ್ಲರ ಎದುರು ಒಂದು ಮಾತು ಹೇಳಿದೆ. ಕಣ್ಣು ಉಳಿದರೆ ರಾಜಿ. ಕಣ್ಣು ಹೋದರೆ ಕೇಸು, ಆಗ ಯಾರ ಮುಲಾಜೂ ಇಲ್ಲ. ತಮ್ಮನೂ ಅದನ್ನು ಕೇಳಿಸಿಕೊಂಡ.

ಚಿತ್ರವನ್ನು ನಾನು ಅಳಿಸಲಿಲ್ಲ. ಅಳಿಸಿ ಎಂದು ನೆಂಟರೆಲ್ಲ ಹೇಳಿದರು, ಹೆಂಡತಿಯ ಅಮ್ಮ, ನನ್ನ ಅತ್ತೆಯಂತೂ ಕೈಮುಗಿದರು, ಬದುಕಿರುವ ಮಗುವಿಗೆ ಅಪಶಕುನ ಎಂದರು. ಅಪಶಕುನ ನನ್ನ ಚಿತ್ರದಲ್ಲಿಲ್ಲ, ನಿಮ್ಮ ಮಕ್ಕಳ ಕೈಯಲ್ಲಿದೆ ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿದೆ. ಮಗಳು ಮಾತ್ರ ಕತ್ತಿಯ ವಿಷಯ ಮತ್ತೆ ಎತ್ತಲಿಲ್ಲ. ನಾನಾಗಿಯೇ ಕೇಳಿದರೂ ಬೇಡವೆಂದಳು. ಶಾಲೆ ಶುರುವಾದ ಮೇಲೆ ಪಕ್ಕದಲ್ಲಿ ಕೂರುವ ಹುಡುಗಿಯ ಕೈಯನ್ನು ಕಚ್ಚಿದ್ದಕ್ಕೆ ಟೀಚರು ಕರೆಸಿದರು. ಮಾವಂದಿರು ಬಂದರೆ ಮಂಚದ ಅಡಿಗೆ ಹೋಗುತ್ತಿದ್ದಳು. ಉಳಿದ ಹೊತ್ತೆಲ್ಲ ಚಿಕ್ಕಪ್ಪನ ಹಿಂದೆ ಮುಂದೆ ತಿರುಗುತ್ತ, ಅವನ ಮುಖವನ್ನೇ ನೋಡುತ್ತಿದ್ದಳು. ನಾನು ಅದನ್ನು ಮುದ್ದು ಅಂದುಕೊಂಡಿದ್ದೆ.

ತಮ್ಮ ಕಣ್ಣಿನ ಡಾಕ್ಟರ ಹತ್ತಿರ ಒಬ್ಬನೇ ಹೋಗುತ್ತಿದ್ದ, ಬಸ್ಸಿನಲ್ಲಿ. ನಾನು ಬರುತ್ತೇನೆಂದರೆ, ಅಂಗಡಿ ಬಿಟ್ಟು ಯಾಕೆ ಬರುತ್ತಿ ಎನ್ನುತ್ತಿದ್ದ. ಬಂದವನು ಪ್ರತಿ ಸಲವೂ ಒಂದೊಂದು ಒಳ್ಳೆಯ ಸುದ್ದಿ ತರುತ್ತಿದ್ದ. ಮಸುಕು ಕಡಿಮೆಯಾಗಿದೆ ಅಂತೆ. ಬಣ್ಣ ಕಾಣುತ್ತಿದೆ ಅಂತೆ. ಆಮೇಲೊಂದು ದಿನ ಕಣ್ಣಿನ ಪಟ್ಟಿ ಬಿಚ್ಚಿಸಿಕೊಂಡೇ ಬಂದ. ಕಣ್ಣು ಇತ್ತು, ಸ್ವಲ್ಪ ಕೆಂಪಗೆ, ಆದರೆ ಇಡಿಯಾಗಿ ಇತ್ತು. ಅದು ತೆರೆದುಕೊಂಡು ನನ್ನ ಕಡೆ ತಿರುಗಿತು. ಹೆಂಡತಿ ಅಡುಗೆಮನೆಗೆ ಹೋಗಿ ದೇವರಿಗೆ ಹರಕೆ ಹೇಳಿಕೊಂಡದ್ದು ಕೇಳಿಸಿತು.

ಹಾಗೆ ರಾಜಿಯ ದಿನ ಬಂತು. ಮಧ್ಯಾಹ್ನದ ಮೊದಲು ನಮ್ಮ ಮನೆಯ ಚಾವಡಿಯಲ್ಲಿ ಎಲ್ಲರೂ ಸೇರಿದರು. ಭಾವಂದಿರಿಬ್ಬರು, ಅತ್ತೆ, ನಮ್ಮವರ ಜಗಳ ತೀರ್ಮಾನ ಮಾಡುವ ಗುರಿಕಾರರು. ಗುರಿಕಾರರಿಗೆ ಮಾತ್ರ ಕುರ್ಚಿ, ಉಳಿದವರಿಗೆ ಚಾಪೆ. ಭಾವಂದಿರು ತಲೆ ಎತ್ತದೆ ಕೂತಿದ್ದರು. ಇಷ್ಟು ದಿನಗಳಲ್ಲಿ ಇಬ್ಬರೂ ಬಡವಾಗಿದ್ದರು, ಹಿರಿಯವನ ಗಡ್ಡ ಬೆಳ್ಳಗಾಗಿತ್ತು. ನನಗೆ ಕನಿಕರ ಬಂತೆಂದು ಹೇಳಲು ನಾಚಿಕೆಯಾಗುತ್ತದೆ, ಆದರೂ ಬಂತು.

ಗುರಿಕಾರರು ತಮ್ಮನನ್ನೇ ಕೇಳಿದರು. “ನಿಂಗೆ ಸಮ ಕಾಣ್ತಾ? ಅದೊಂದ್ ಹೇಳ್. ಉಳಿದದ್ದ್ ಆಮೇಲೆ.”

“ಕಾಣ್ತ್ ಗುರಿಕಾರ್ರೆ,” ಎಂದ ತಮ್ಮ. ಎದುರು ಗೋಡೆಯ ಕ್ಯಾಲೆಂಡರಿನಲ್ಲಿದ್ದ ಹಬ್ಬದ ಹೆಸರು ಓದಿದ. ಬಾಗಿಲಾಚೆ ಹೋಗುತ್ತಿದ್ದ ಸ್ಕೂಟರು ಯಾರದ್ದೆಂದು ಹೇಳಿದ. “ಈ ವಾರವೇ ಗಾಡಿಗೆ ಹೋತೆ,” ಎಂದ.

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಕಿರಿಯ ಭಾವ ತಮ್ಮನ ಕಾಲು ಮುಟ್ಟಲು ಬಗ್ಗಿದ, ತಮ್ಮ ಅವನ ಕೈ ಹಿಡಿದು ತಡೆದ. ಇನ್ನು ಮೇಲಾದರೂ ಈಜು ಕಲ್ತ್ಕೋ ಮಾರಾಯ ಎಂದು ನಾನೇ ತಮಾಷೆ ಮಾಡಿದೆ. ಎಷ್ಟೋ ಕಾಲದ ಮೇಲೆ ಆ ಮನೆಯಲ್ಲಿ ನಗು ಕೇಳಿಸಿತು. ಹೆಂಡತಿ ಚಾದ ತಟ್ಟೆ ಹಿಡಿದು ಒಳಗಿನಿಂದ ಬಂದು ಗುರಿಕಾರರಿಗೆ ಮೊದಲ ಲೋಟ ಕೊಟ್ಟಳು. ಅವಳ ಮುಖ ನೋಡಿದೆ, ಮದುವೆಯ ದಿನ ಕೂಡ ಅಷ್ಟು ಬೆಳಕಾಗಿರಲಿಲ್ಲ.

ಮಗಳು ಯಾವಾಗ ಮಂಚದಡಿಯಿಂದ ಎದ್ದು ಬಂದಳೋ ಗೊತ್ತಿಲ್ಲ. ನಾನು ಕಾಣುವಾಗ ತಮ್ಮನ ಎಡಗಡೆಗೆ, ಅವನ ಕಿವಿಯ ಹತ್ತಿರ ನಿಂತಿದ್ದಳು. ಕೈಯಲ್ಲಿ ಗುಡಿಸುವ ಹಿಡಿಸೂಡಿಯಿಂದ ಎಳೆದುಕೊಂಡ ಒಂದು ತೆಂಗಿನ ಕಡ್ಡಿ. ಆಟಕ್ಕೆ ಹಿಡಿದಿದ್ದಾಳೆ ಎಂದುಕೊಂಡೆ. ಅವಳು ಕಡ್ಡಿಯನ್ನು ಮೆಲ್ಲಗೆ ಎತ್ತಿದಳು. ಅದರ ಚೂಪು ತುದಿಯನ್ನು ತಮ್ಮನ ತೆರೆದ ಎಡಗಣ್ಣಿಗೆ ಹಿಡಿದಳು. ರೆಪ್ಪೆಗೂದಲಿಗೆ ತಾಗುವಷ್ಟು ಹತ್ತಿರ.

ತಮ್ಮನ ರೆಪ್ಪೆ ಬಡಿಯಲಿಲ್ಲ.

ಗುರಿಕಾರರ ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತು. ಕಿರಿಯ ಭಾವನ ಕೈ ಇನ್ನೂ ತಮ್ಮನ ಕೈಯಲ್ಲೇ ಇತ್ತು, ಅವನು ಅದನ್ನು ಬಿಡಿಸಿಕೊಂಡು ಮುಖ ಮುಚ್ಚಿಕೊಂಡ. ತಮ್ಮ ಒಬ್ಬನಿಗೇ ಏನೂ ಗೊತ್ತಿರಲಿಲ್ಲ. ಅವನು ನಗುತ್ತ ಹೇಳುತ್ತಲೇ ಇದ್ದ, “ಡಾಕ್ಟ್ರ್ ಹೇಳ್ರ್, ಮೊದ್ಲಿಗಿಂತ ಚೆಂದ ಕಾಣ್ತ್ ಇನ್ ಮೇಲೆ ಅಂತ. ಘಟ್ಟ ಹತ್ತುಕೆ ಎಂತ ಹೆದರಿಕೆಯೂ ಇಲ್ಲೆ…”

ಅವನ ಮಾತು ನಿಧಾನವಾಯಿತು. “ಎಂತಾಯ್ತ್?” ಎಂದ. “ಎಂತಕೆ ಎಲ್ಲರೂ ಸುಮ್ಗಾದ್ರ್?”

ನನ್ನ ಹೆಂಡತಿ ತಟ್ಟೆಯನ್ನು ನೆಲಕ್ಕಿಟ್ಟು ಬಂದು, ಮಗಳ ಮಣಿಕಟ್ಟು ಹಿಡಿದು ಕಡ್ಡಿಯನ್ನು ಕೆಳಗಿಳಿಸಿದಳು. ತನ್ನ ಅಣ್ಣಂದಿರ ಕಡೆ ನೋಡಲಿಲ್ಲ. ನನ್ನನ್ನು ನೋಡಿದಳು.

“ಸ್ಟೇಶನ್ನಿಗೆ ಹೋಯ್ಕ್,” ಎಂದಳು. “ನಾನೂ ಬತ್ತೆ.”